ಹಾಪ್ಸ್ ಬಳ್ಳಿ ಕಲಿಸಿದ ಪುಸ್ತಕ, ಬಿಡಿಸಿದ ಕೈಗಳು

ಬಿಯರ್‌ನ ಕಹಿ ಎಲ್ಲಿಂದ ಬರುತ್ತದೆ ಅನ್ನುವುದು ಕುಡಿಯುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಅದು ಬರುವುದು ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ. ಗಾಂಜಾದ ಕುಟುಂಬಕ್ಕೇ ಸೇರಿದ ಗಿಡ, ಆದರೆ ಅದರ ನಶೆ ಇದಕ್ಕಿಲ್ಲ. ನಮ್ಮ ಮಡಹಾಗಲದ ಹಾಗೆ ಇದರಲ್ಲೂ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಬೇಕಾದ್ದು ಹೆಣ್ಣು. ಅದರ ಹೂವಿನ ಎಸಳುಗಳ ಬುಡದಲ್ಲಿ ಹಳದಿ ಪುಡಿ ಇರುತ್ತದೆ. ಕಹಿ, ಪರಿಮಳ ಎರಡೂ ಅದರಲ್ಲೇ.

ನಾವು ಈ ಬಳ್ಳಿಯ ಬೆನ್ನು ಹತ್ತಿದ್ದು ಒಂದು ಹಳೆಯ ಪುಸ್ತಕದ ದೆಸೆಯಿಂದ. 1574ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು. ಬರೆದವನು ಕೆಂಟ್ ಸೀಮೆಯ ರೆಜಿನಾಲ್ಡ್ ಸ್ಕಾಟ್. ಹಾಪ್ಸ್ ಬೆಳೆಯುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಬಂದ ಮೊದಲ ಪುಸ್ತಕ ಅದು.

ಜರ್ಮನಿ, ಫ್ಲಾಂಡರ್ಸ್ ಕಡೆಯವರಿಗೆ ಹಾಪ್ಸ್ ಆಗಲೇ ಹಳೆಯ ಬೆಳೆ. 1516ರಲ್ಲೇ ಬವೇರಿಯಾದಲ್ಲಿ ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದು ಎಂಬ ಕಟ್ಟಳೆ ಬಂದಿತ್ತು. ಇಂಗ್ಲೆಂಡಿನವರು ಮಾತ್ರ ಹಾಪ್ಸ್ ಇಲ್ಲದ 'ಏಲ್' ಕುಡಿದುಕೊಂಡಿದ್ದರು. ಅದು ಬೇಗ ಹುಳಿಯಾಗುತ್ತಿತ್ತು. ಸ್ಕಾಟ್ ಒಂದು ಲೆಕ್ಕ ಮುಂದಿಟ್ಟ. ಒಂದು ಬುಶೆಲ್ ಮಾಲ್ಟ್‌ನಿಂದ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಎಂಟೊಂಬತ್ತು ಗ್ಯಾಲನ್ ಏಲ್ ಆದರೆ, ಹಾಪ್ಸ್ ಹಾಕಿದ ಬಿಯರ್ 18ರಿಂದ 20 ಗ್ಯಾಲನ್ ಆಗುತ್ತದೆ. ಗ್ಯಾಲನ್ ಅಂದರೆ ಸುಮಾರು ನಾಲ್ಕೂವರೆ ಲೀಟರ್. ಇದರಲ್ಲಿ ಮಾಯವೇನಿಲ್ಲ. ಏಲ್ ಕೆಡದಿರಬೇಕಾದರೆ ಗಟ್ಟಿಯಾಗಿ ಇಳಿಸಬೇಕು. ಹಾಪ್ಸಿನ ಕಹಿ ಸೂಕ್ಷ್ಮಜೀವಿಗಳನ್ನು ತಡೆಯುವುದರಿಂದ ತೆಳ್ಳಗೆ ಇಳಿಸಿದರೂ ಬಿಯರ್ ಉಳಿಯುತ್ತದೆ. ಕಾಳು ಉಳಿಯಿತು, ದುಡ್ಡೂ ಉಳಿಯಿತು. ಹಾಗಿರುವಾಗ ಹೊರಗಿನಿಂದ ಹಾಪ್ಸ್ ಕೊಂಡು ತರುವುದು ಯಾಕೆ, ನಮ್ಮ ಹೊಲದಲ್ಲೇ ಬೆಳೆಯೋಣ ಎಂಬುದು ಅವನ ವಾದ.

ಪುಸ್ತಕದಲ್ಲಿ ಮರದಚ್ಚಿನ ಚಿತ್ರಗಳಿವೆ. ಗುಡ್ಡೆ ಏರಿಸುವುದು, ಗಳ ನೆಡುವುದು, ಬಳ್ಳಿ ಕಟ್ಟುವುದು, ಒಂದೊಂದಕ್ಕೂ ಚಿತ್ರ. ಅಕ್ಷರ ಬಾರದ ರೈತನೂ ನೋಡಿ ಕಲಿಯಬಹುದಿತ್ತು. ಇವತ್ತಿನ ಎಷ್ಟೋ ಕೃಷಿ ಕರಪತ್ರಗಳಿಗೆ ಈ ಬುದ್ಧಿ ಇಲ್ಲ ಎಂದು ನಮಗನ್ನಿಸಿತು.

ಕೆಲಸದ ಕ್ರಮ ಹೀಗೆ. ಬೀಜ ಬಿತ್ತುವುದಲ್ಲ, ಹಳೆಯ ಬುಡದಿಂದ ಬೇರುತುಂಡು ಕತ್ತರಿಸಿ, ನಾವು ಶುಂಠಿ ನೆಟ್ಟಂತೆ ನೆಡುವುದು. ವಸಂತದಲ್ಲಿ ಚಿಗುರು ಹೊರಟರೆ ತಡೆಯುವವರಿಲ್ಲ, ಒಳ್ಳೆಯ ಬಿಸಿಲಿಗೆ ದಿನಕ್ಕೆ ಗೇಣುದ್ದ ಏರುತ್ತದೆ. ಬೀನ್ಸ್ ಬಳ್ಳಿ ಸುತ್ತುವುದಕ್ಕೆ ತಿರುವು ದಿಕ್ಕಿನಲ್ಲಿ, ಅಂದರೆ ಗಡಿಯಾರದ ಮುಳ್ಳಿನಂತೆ, ಇದು ಗಳ ಸುತ್ತುತ್ತದೆ. ಮೊದಲ ಸಲ ಬೆಳೆಯುವವರು ಉಲ್ಟಾ ಸುತ್ತಿ ಕಟ್ಟಿದರೆ ಬಳ್ಳಿ ಬಿಚ್ಚಿಕೊಂಡು ಬೀಳುತ್ತದೆ. ಮೊದಲ ವರ್ಷ ಹೂವು ಕಡಿಮೆ. ಚಳಿಗಾಲದಲ್ಲಿ ಬಳ್ಳಿ ಸತ್ತರೂ ಬುಡ ಬದುಕಿದ್ದು ವರ್ಷಾನುಗಟ್ಟಲೆ ಚಿಗುರುತ್ತದೆ. ಬಿಡಿಸಿದ ಹೂವನ್ನು ತಡಮಾಡದೆ ಬೆಂಕಿಯ ಕಾವಿನಲ್ಲಿ ಒಣಗಿಸಬೇಕು. ಅದಕ್ಕೆಂದೇ ಕಟ್ಟಿದ ಮನೆಗೆ 'ಓಸ್ಟ್' ಎನ್ನುತ್ತಿದ್ದರು. ಸ್ಕಾಟ್ ಆ ವಿದ್ಯೆಗೆ ಫ್ಲಾಂಡರ್ಸಿನ ಪೋಪರಿಂಗೆ ಊರಿನವರ ಪದ್ಧತಿಯನ್ನು ಮಾದರಿ ಮಾಡಿಕೊಂಡ.

ಇದೇ ಮನುಷ್ಯ 1584ರಲ್ಲಿ ಇನ್ನೊಂದು ಪುಸ್ತಕ ಬರೆದ. ಮಾಟಗಾತಿಯರೆಂದು ಹಿಡಿದು ಕೊಲ್ಲುತ್ತಿರುವುದು ಬಡ ಮುದುಕಿಯರನ್ನು, ಅವರ ತಪ್ಪೇನೂ ಇಲ್ಲ ಎಂದು ವಾದಿಸಿದ. ನಮಗೆ ಅವನ ಮೇಲೆ ಗೌರವ ಹೆಚ್ಚಿದ್ದು ಇದರಿಂದ.

ಬೆಳೆ ಬಂದಲ್ಲಿ ಕಲಬೆರಕೆಯೂ ಬರುತ್ತದೆ. ಹಾಪ್ಸ್ ಮೂಟೆಗಳಲ್ಲಿ ಎಲೆ, ಕಡ್ಡಿ, ಮರಳು ತುಂಬಿ ಮಾರುತ್ತಾರೆಂದು 1603ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಕಾಯಿದೆಯನ್ನೇ ಮಾಡಿತು.

ಆದರೆ ಸ್ಕಾಟ್‌ನ ಪುಸ್ತಕ ತೋಟದವನಿಗಾಗಿ ಬರೆದದ್ದು. ಕೆಂಟ್‌ನ ತೋಟಗಳು ದೊಡ್ಡದಾಗುತ್ತ ಹೋದಂತೆ ಹೂ ಬಿಡಿಸಲು ಊರಿನ ಕೈ ಸಾಲದಾಯಿತು. ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಪ್ರತಿ ಸೆಪ್ಟೆಂಬರಿಗೆ ಲಂಡನ್ನಿನ ಬಡ ಕೇರಿಗಳಿಂದ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದರು. ಐರಿಷ್ ಕೂಲಿಗಳು, ಜಿಪ್ಸಿ ಕುಟುಂಬಗಳು ಬರುತ್ತಿದ್ದವು. ನಮ್ಮಲ್ಲಿ ಕಬ್ಬು ಕಡಿಯಲು ಗುಳೆ ಹೋಗುವವರನ್ನು ನೋಡಿದವರಿಗೆ ಈ ಚಿತ್ರ ಹೊಸದಲ್ಲ. ಕೂಲಿ ದಿನದ ಲೆಕ್ಕದಲ್ಲಲ್ಲ, ಅಳತೆ ಬುಟ್ಟಿಯ ಲೆಕ್ಕದಲ್ಲಿ. ಜಗಳ ಇದ್ದದ್ದೇ ಅಲ್ಲಿ. ಹಾಪ್ಸ್ ಹೂ ಹಗುರ, ಒತ್ತಿದರೆ ಕುಗ್ಗುತ್ತದೆ. ಅಳೆಯುವವನು ಒತ್ತಿ ತುಂಬಿದರೆ ಬೆಳಗಿನಿಂದ ಬಿಡಿಸಿದ್ದು ಕರಗಿಹೋಗುತ್ತದೆ. ಸೇರು, ಕೊಳಗದಲ್ಲಿ ಕೂಲಿ ಪಡೆದ ನಮ್ಮ ಅಜ್ಜಿಯರನ್ನು ಕೇಳಿ, ಬಿಡಿಸಿ ಹೇಳುತ್ತಾರೆ. ಲೆಕ್ಕಕ್ಕೆ ಸೀಳಿದ ಮರದ ಪಟ್ಟಿ ಇತ್ತು. ಎರಡೂ ಹೋಳು ಜೋಡಿಸಿ ಗೀಟು ಕೊಯ್ದು ಒಂದನ್ನು ಅಳೆಯುವವನು, ಒಂದನ್ನು ಬಿಡಿಸಿದವರು ಇಟ್ಟುಕೊಳ್ಳುತ್ತಿದ್ದರು.

1853ರ ಅಕ್ಟೋಬರ್ 20ರ ಸಂಜೆ ಕೆಲಸ ಮುಗಿಸಿ ಬಿಡಾರಕ್ಕೆ ಮರಳುತ್ತಿದ್ದವರ ಬಂಡಿ, ತುಂಬಿ ಹರಿಯುತ್ತಿದ್ದ ಮೆಡ್ವೇ ನದಿಯ ಹಾರ್ಟ್‌ಲೇಕ್ ಸೇತುವೆಯ ಮರದ ಪಕ್ಕೆಯನ್ನು ಮುರಿದುಕೊಂಡು ನೀರಿಗೆ ಬಿತ್ತು. 30 ಜನ ಸತ್ತರು. ಜಿಪ್ಸಿಗಳು, ಐರಿಷರು, ಒಂದೇ ಮನೆಯ ಹಲವರು. ಹ್ಯಾಡ್ಲೋ ಊರಿನ ಇಗರ್ಜಿಯಂಗಳದಲ್ಲಿ ಅವರ ನೆನಪಿನ ಕಲ್ಲಿದೆ. ಅದರ ಆಕಾರ ಹಾಪ್ಸ್ ಒಣಗಿಸುವ ಓಸ್ಟ್ ಮನೆಯದು.

ಇಪ್ಪತ್ತನೇ ಶತಮಾನದ ನಡುವಿನಲ್ಲಿ ಬಿಡಿಸುವ ಯಂತ್ರ ಬಂದು ಆ ಗುಳೆ ನಿಂತಿತು. ಓಸ್ಟ್‌ಗಳು ಎಷ್ಟೋ ಕಡೆ ವಾಸದ ಮನೆಗಳಾಗಿವೆ.

ಇಷ್ಟು ಓದಿದ ಮೇಲೆ ನಮ್ಮಲ್ಲೂ ಬೆಳೆಯಬಹುದಾ ಎಂದು ಕೇಳುತ್ತೀರಿ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆದಿದ್ದಾರೆ. ನಮ್ಮ ತೊಡಕು ಮಣ್ಣಿನದಲ್ಲ, ಹಗಲಿನದು. ಜೂನ್‌ನಲ್ಲಿ ಕೆಂಟ್‌ನ ಹಗಲು 16 ಗಂಟೆ ದಾಟುತ್ತದೆ, ಲಾಹೌಲ್‌ನದು 14 ದಾಟುತ್ತದೆ, ಬೆಂಗಳೂರಿನದು 13 ಮುಟ್ಟುವುದಿಲ್ಲ. ಹಗಲು ಗಿಡ್ಡವಾದರೆ ಬಳ್ಳಿ ಏರುವ ಮೊದಲೇ ಹೂ ಬಿಟ್ಟು ನಿಂತುಬಿಡುತ್ತದೆ. ರಾತ್ರಿ ದೀಪ ಹಚ್ಚಿ ಹಗಲು ಉದ್ದ ಮಾಡುವ ಉಪಾಯವಿದೆ. ಕರೆಂಟ್ ಬಿಲ್ಲಿನ ಲೆಕ್ಕ ನಿಮಗೆ ಬಿಟ್ಟದ್ದು.