ಬಂದ ಗಾಡಿ, ಹೋದ ಗಾಡಿ



ಪ್ರತಿ ತಿಂಗಳ ಆರಂಭದಲ್ಲಿ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ವಾಹನ ಮಾರಾಟದ ಅಂಕಿಗಳು ಪ್ರಕಟವಾಗುತ್ತವೆ. ಬೈಕು, ಟ್ರ್ಯಾಕ್ಟರುಗಳ ಮಾರಾಟ ಏರಿದರೆ ಹಳ್ಳಿಗರ ಕೈಯಲ್ಲಿ ಹಣವಿದೆ ಎಂದು ಅರ್ಥಶಾಸ್ತ್ರಜ್ಞರು ಭಾವಿಸುತ್ತಾರೆ. ನಾನೂ ಬಹುಕಾಲ ಹಾಗೆಯೇ ಓದುತ್ತಿದ್ದೆ. ಆ ಓದಿನ ದೋಷವನ್ನು ತಿದ್ದಿದವನು ನನ್ನದೇ ಒಬ್ಬ ಶಿಷ್ಯ.

ಮೊದಲು ಸ್ವಲ್ಪ ಹಿಂದಿನ ಸಂಗತಿ. ಲೈಸೆನ್ಸ್ ಪದ್ಧತಿಯ ಕಾಲದಲ್ಲಿ ಒಂದು ಕಾರ್ಖಾನೆ ಎಷ್ಟು ಸ್ಕೂಟರ್ ತಯಾರಿಸಬೇಕೆಂಬುದನ್ನು ಸರ್ಕಾರವೇ ನಿರ್ಧರಿಸುತ್ತಿತ್ತು. 1972ರಲ್ಲಿ ಬಂದ ಬಜಾಜ್ ಚೇತಕ್‌ಗೆ ಮುಂಗಡ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕಾಗಿತ್ತು. ನಮ್ಮ ಸಿರಿಗೆರೆಯಲ್ಲಿ ಆಗ ಬಹುತೇಕ ಉಪಾಧ್ಯಾಯರು ಸೈಕಲ್ಲಿನಲ್ಲೇ ಶಾಲೆಗೆ ಬರುತ್ತಿದ್ದರು. ಆ ದಿನಗಳ ಮಾರಾಟದ ಸಂಖ್ಯೆ ಕೊಳ್ಳುವವನ ಶಕ್ತಿಯನ್ನಲ್ಲ, ಕಾರ್ಖಾನೆಯ ಮಿತಿಯನ್ನು ಹೇಳುತ್ತಿತ್ತು. 1980ರಲ್ಲಿ ಹೊಸೂರಿನ ಟಿವಿಎಸ್ 50, 1985ರಲ್ಲಿ ಹೀರೋ ಹೋಂಡಾ ಬಂದವು. 1991ರ ಉದಾರೀಕರಣದ ನಂತರ ಸರದಿ ಕರಗಿತು, ಸಾಲ ಸುಲಭವಾಯಿತು. ಅಂದಿನಿಂದ ಭೀಮಸಮುದ್ರದ ಮಂಡಿಯಲ್ಲಿ ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ನಮ್ಮ ಓಣಿಗಳಲ್ಲಿ ಹೊಸ ಬೈಕುಗಳು ಕಾಣಿಸತೊಡಗಿದವು.

ಈಗ 2018ಕ್ಕೆ ಬರೋಣ. ದೀಪಾವಳಿ ಕಳೆದ ಮೇಲೆ, ಅಕ್ಟೋಬರ್ ತಿಂಗಳಲ್ಲಿ ದ್ವಿಚಕ್ರ ವಾಹನಗಳ ಮಾರಾಟ ಶೇಕಡಾ 17ರಷ್ಟು ಏರಿದೆ ಎಂದು ಪತ್ರಿಕೆಯಲ್ಲಿ ಓದಿದೆ. ಚಿತ್ರದುರ್ಗದ ಒಂದು ಬೈಕ್ ಶೋರೂಮಿನಲ್ಲಿ ಕೆಲಸಕ್ಕಿದ್ದ ಶಿಷ್ಯ ಮನೆಗೆ ಬಂದಾಗ, "ಈ ಸಲ ಹಬ್ಬ ಜೋರು, ಅಲ್ಲವೇನಪ್ಪಾ?" ಎಂದೆ. ಅವನು ತಲೆ ತಗ್ಗಿಸಿ, "ಸಾರ್, ಗಾಡಿ ಬಂದಿರೋದು ನಿಜ. ಹೋಗಿಲ್ಲ. ಹಿಂದಿನ ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿವೆ, ಬ್ಯಾಂಕಿನ ಬಡ್ಡಿ ಓಡ್ತಾ ಇದೆ" ಎಂದ.

ನಾನು ಓದಿದ್ದು ತಯಾರಕರ ಸಂಘವಾದ ಸಿಯಾಮ್‌ನ ಅಂಕಿ. ಕಾರ್ಖಾನೆಯಿಂದ ಡೀಲರಿಗೆ ಲಾರಿಯಲ್ಲಿ ಹೊರಟ ಗಾಡಿಯೂ ಅದರಲ್ಲಿ ‘ಮಾರಾಟ’ವೇ. ಗ್ರಾಹಕನಿಗೆ ಆದ ಮಾರಾಟವನ್ನು ಲೆಕ್ಕ ಹಾಕಿದ್ದು 1964ರಲ್ಲಿ ಸ್ಥಾಪನೆಯಾದ ಡೀಲರುಗಳ ಒಕ್ಕೂಟ ಫಾಡಾ. ಅದರ ಪ್ರಕಾರ ಅದೇ ಹಬ್ಬದ ಅವಧಿಯಲ್ಲಿ ದೇಶದ ಒಟ್ಟು ಚಿಲ್ಲರೆ ವಾಹನ ಮಾರಾಟ ಹಿಂದಿನ ವರ್ಷಕ್ಕಿಂತ ಶೇಕಡಾ 11ರಷ್ಟು ಇಳಿದಿತ್ತು. ಸೆಪ್ಟೆಂಬರಿನಲ್ಲಿ ಐಎಲ್ ಅಂಡ್ ಎಫ್ಎಸ್ ಸಂಸ್ಥೆ ಸಾಲ ತೀರಿಸಲಾಗದೆ ಕುಸಿದ ಮೇಲೆ ಫೈನಾನ್ಸ್ ಕಂಪನಿಗಳು ಕೈ ಬಿಗಿಹಿಡಿದಿದ್ದವು. ಅದೇ ತಿಂಗಳಿನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಲೇ ಕಟ್ಟಬೇಕಾಯಿತು. ನಮ್ಮ ಕಡೆ ಮಳೆಯೂ ಕೈಕೊಟ್ಟಿತ್ತು.

2019ರಲ್ಲಿ, ಮೂರೇ ತಿಂಗಳಲ್ಲಿ ಸುಮಾರು ಎರಡು ಲಕ್ಷ ಮಂದಿ ಶೋರೂಮುಗಳಲ್ಲಿ ಕೆಲಸ ಕಳೆದುಕೊಂಡರೆಂದು ಫಾಡಾ ಅಂದಾಜಿಸಿತು. ಅವರಲ್ಲಿ ನನ್ನ ಶಿಷ್ಯನೂ ಒಬ್ಬ. ಶೆಡ್ಡಿನ ಗಾಡಿಗಳನ್ನು ಎಣಿಸಿದ್ದ ಅವನಿಗೆ ಅದು ಅನಿರೀಕ್ಷಿತವಾಗಿರಲಿಲ್ಲ. ಅಂಕಿ ಓದಿದ್ದ ನನಗೆ ಆಗಿತ್ತು.

ಈಚಿನ ವರ್ಷಗಳಲ್ಲಿ ಫಾಡಾ, ಸಾರಿಗೆ ಇಲಾಖೆಯ ‘ವಾಹನ್’ ದಾಖಲೆಯಲ್ಲಿನ ನೋಂದಣಿಗಳನ್ನು ಆಧರಿಸಿ ತಿಂಗಳ ಲೆಕ್ಕ ಕೊಡುತ್ತಿದೆ. ನಮ್ಮ ಜಿಲ್ಲೆಯ ಕೆಎ 16 ಫಲಕ ಬರೆಸಿಕೊಂಡ ಗಾಡಿ ಒಂದು ಮನೆಯ ಮುಂದೆ ನಿಂತಿದೆ ಎಂದೇ ಅರ್ಥ. ಆದರೆ ಈ ಲೆಕ್ಕವನ್ನೂ ಪಂಚಾಂಗ ಪಕ್ಕಕ್ಕಿಟ್ಟು ಓದಬೇಕು. 2025ರ ಸೆಪ್ಟೆಂಬರಿನ ಮೊದಲ ಮೂರು ವಾರ ಮಾರಾಟ ಮಂಕಾಗಿತ್ತು. ಜನರ ಬಳಿ ಹಣವಿಲ್ಲದೆ ಅಲ್ಲ; ಅದು ಪಿತೃಪಕ್ಷದ ಕಾಲ, ಜೊತೆಗೆ ತೆರಿಗೆ ಇಳಿಯುವುದೆಂದು ಎಲ್ಲರೂ ಕಾದಿದ್ದರು. ನವರಾತ್ರಿಯ ಮೊದಲ ದಿನವಾದ 22ರಂದು ಸಣ್ಣ ಕಾರು, ಬೈಕುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು, ಶೋರೂಮುಗಳು ತುಂಬಿದವು.

ತರಗತಿಯಲ್ಲಿ ಉತ್ತರ ಸರಿಯಿದ್ದರೂ ‘ಲೆಕ್ಕ ಮಾಡಿದ ದಾರಿ ತೋರಿಸಿ’ ಎಂದು ನಿಮ್ಮನ್ನು ಪೀಡಿಸುತ್ತಿದ್ದೆ. ಪತ್ರಿಕೆಯ ಅಂಕಿಗೆ ಆ ಪ್ರಶ್ನೆ ಕೇಳಲು ನಾನೇ ಮರೆತಿದ್ದೆ. ನನ್ನ ಶಿಷ್ಯ ಈಗ ಸಿರಿಗೆರೆ ಸರ್ಕಲ್ಲಿನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದಾನೆ. ತಿಂಗಳ ಅಂಕಿ ಬಂದಾಗಲೆಲ್ಲ ಒಮ್ಮೆ ಅವನ ಬಳಿ ಹೋಗಿ, "ಬಂದದ್ದೆಷ್ಟು, ಹೋದದ್ದೆಷ್ಟಪ್ಪಾ?" ಎಂದು ಕೇಳಿ ಬರುತ್ತೇನೆ.