ಗರಡಿಮನೆಯ ಗಿಡ್ಡ ಬಾಗಿಲು

ಪಾಪುವಾ ನ್ಯೂಗಿನಿಯ ಸೆಪಿಕ್ ನದಿಯ ಸೀಮೆಯಲ್ಲಿ ‘ಹೌಸ್ ತಂಬರಾನ್’ ಎಂಬ ಎತ್ತರದ ಮನೆಗಳಿವೆ. ಹಿಂದೆ ಅಲ್ಲಿಗೆ ದೀಕ್ಷೆ ಪಡೆದ ಗಂಡಸರಿಗೆ ಮಾತ್ರ ಪ್ರವೇಶ. ಒಳಗೆ ಊದುವ ಬಿದಿರಿನ ಕೊಳಲಿನ ಸದ್ದು ದೈವದ ದನಿ ಅಂತ ಹೆಂಗಸರಿಗೆ ಹೇಳುತ್ತಿದ್ದರು. ಅದೇ ದೇಶದ ಬೆಟ್ಟಸೀಮೆಯಲ್ಲಿ ಹುಡುಗ ಸ್ವಲ್ಪ ದೊಡ್ಡವನಾದರೆ ಅಮ್ಮನ ಗುಡಿಸಲು ಬಿಟ್ಟು ಗಂಡಸರ ಮನೆಯಲ್ಲಿ ಮಲಗಬೇಕಿತ್ತು. “ಎಂಥಾ ಜನಾನಪ್ಪ!” ಅನ್ನುವ ಮೊದಲು ಮೈಸೂರಿನ ಹಳೇ ಗಲ್ಲಿಗಳಿಗೆ ಬನ್ನಿ.

ಅಲ್ಲಿ ಗರಡಿಮನೆಗಳಿವೆ. ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ನೆಲ ಬೀದಿಗಿಂತ ತಗ್ಗು, ಬೆಳಕು ಕಡಿಮೆ. ಗೋಡೆಯ ಮೇಲೆ ಆಂಜನೇಯ, ಮೂಲೆಯಲ್ಲಿ ಗದೆ, ನಡುವೆ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ. ಬೆಳಗ್ಗೆ ದಂಡ, ಬಸ್ಕಿ, ಆಮೇಲೆ ಕುಸ್ತಿ. ಕಲಿಸುವವರು ಉಸ್ತಾದರು, ಕಲಿತವನು ಪೈಲ್ವಾನ. ಎರಡೂ ಪರ್ಷಿಯನ್ನಿನಿಂದ ಬಂದ ಮಾತು, ಅದೂ ಆಂಜನೇಯನ ಪಟದ ಕೆಳಗೆ! ಹಿಂದೂ ಹುಡುಗ, ಮುಸ್ಲಿಂ ಹುಡುಗ ಒಂದೇ ಮಣ್ಣು ಮೆತ್ತಿಕೊಂಡು ಎದ್ದದ್ದು ಇಲ್ಲೇ. ಜೆಟ್ಟಿಗಳದು ಇನ್ನೂ ಹಳೇ ಪರಂಪರೆ. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ಅವರ ವಜ್ರಮುಷ್ಟಿ ಕಾಳಗ ತಲೆಯಿಂದ ಮೊದಲ ರಕ್ತ ಬಂದೊಡನೆ ಮುಗಿಯುತ್ತದೆ.

ಜಾತಿ-ಮತದ ಗೋಡೆಯನ್ನು ಇಷ್ಟು ಸಲೀಸಾಗಿ ದಾಟಿದ ಮನೆ ಹೆಂಗಸರನ್ನು ಮಾತ್ರ ಹೊಸ್ತಿಲಾಚೆ ನಿಲ್ಲಿಸಿತು. ಕೊಡುತ್ತಿದ್ದ ಕಾರಣ ಎರಡು: ಆಂಜನೇಯ ಬ್ರಹ್ಮಚಾರಿ, ಮತ್ತು ಮೈಲಿಗೆ. ಸೆಪಿಕ್‌ನವರು ಗುಟ್ಟು ಅಂದದ್ದನ್ನು ನಾವು ಮಡಿ ಅಂದೆವು, ನನಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಆದರೂ ಪೈಲ್ವಾನನ ಹಾಲು, ತುಪ್ಪ, ಬಾದಾಮಿಯ ಊಟ ಮಾತ್ರ ಅಡುಗೆಮನೆಯಿಂದಲೇ ಬರಬೇಕಿತ್ತು.

ಗಂಡಿಗೊಂದು ಹೆಣ್ಣಿಗೊಂದು ಮನೆ ಹಳ್ಳಿಯವರ ಹುಚ್ಚು ಅಂದುಕೊಳ್ಳಬೇಡಿ. ನಮ್ಮ ವಿಟ್ಬಿಯ ಟ್ರಫಾಲ್ಗರ್ ಕೋಟೆಯಲ್ಲಿ 1874ರಲ್ಲಿ ಶುರುವಾದದ್ದು ಹೆಣ್ಣುಮಕ್ಕಳ ಕಾಲೇಜು. ಅದು ಬಾಗಿಲು ಮುಚ್ಚಿಕೊಂಡದ್ದು ಓದಿಸಲಿಕ್ಕೆ ಅನ್ನುವುದು ಬೇರೆ ಮಾತು.

ಕಾಲ ಸುಮ್ಮನೆ ಕೂರಲಿಲ್ಲ. ಪಾಪುವಾ ನ್ಯೂಗಿನಿಯ ಸಂಸತ್ ಭವನವನ್ನು ಹೌಸ್ ತಂಬರಾನ್ ಮಾದರಿಯಲ್ಲೇ ಕಟ್ಟಿ 1984ರಲ್ಲಿ ತೆರೆದರು, ಅಲ್ಲಿ ಹೆಂಗಸರೂ ಕೂರಬಹುದು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು, ಕುಸ್ತಿಯಲ್ಲಿ ಒಲಿಂಪಿಕ್ ಪದಕ ತಂದ ಭಾರತದ ಮೊದಲ ಮಹಿಳೆ. ಈಗ ದಸರಾ ಕುಸ್ತಿಯಲ್ಲಿ ಹುಡುಗಿಯರ ಜೋಡಿಗಳೂ ಇಳಿಯುತ್ತವೆ.

ಮೈಸೂರು ಕಡೆಯ ತಾತ ನಿಮಗಿದ್ದರೆ ಫೋನ್ ಮಾಡಿ, ಯಾವ ಗರಡಿಗೆ ಹೋಗುತ್ತಿದ್ದಿರಿ ಅಂತ ಕೇಳಿ. ಆಮೇಲೆ ಫೋನನ್ನು ಅಜ್ಜಿಗೆ ಕೊಡಲು ಹೇಳಿ. ಆ ಬಾಗಿಲು ಹೊರಗಿನಿಂದ ಹೇಗೆ ಕಾಣುತ್ತಿತ್ತು ಅಂತ ಅವರೇ ಹೇಳಲಿ.