ರೊಟ್ಟಿಯ ಜೋಳ, ಭಟ್ಟಿಯ ಜೋಳ

ಮದ್ಯದ ಮಾತು ರಾಜ್ಯೋತ್ಸವದ ಸಂಚಿಕೆಗೆ ತಕ್ಕುದೇ ಎಂದು ವಾಚಕರು ಹುಬ್ಬೇರಿಸಬಹುದು. ವಿಕ್ರೋಳಿಯವರಾದ ನಮಗಂತೂ ಅದನ್ನೆತ್ತುವುದೇ ಸಂಕಟ. 2004ರ ಡಿಸೆಂಬರಿನಲ್ಲಿ ಇಲ್ಲಿ ವಿಷಮದ್ಯ ಕುಡಿದು ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದರಲ್ಲಿದ್ದದ್ದು ಮೆಥನಾಲ್ ಎಂಬ ವಿಷ. ನಮ್ಮ ಹೊಲದ ಕಾಳಿನ ತಪ್ಪೇನೂ ಅದರಲ್ಲಿಲ್ಲ. ನಾವಿಲ್ಲಿ ಹೇಳಹೊರಟಿರುವುದು ಕುಡಿತದ ಕಥೆಯನ್ನಲ್ಲ, ಜೋಳದ ಕಥೆಯನ್ನು. ಯಾವ ತಳಿ ರೊಟ್ಟಿಗೆ, ಯಾವ ತಳಿ ಭಟ್ಟಿಗೆ ಎಂದು ಒಕ್ಕಲಿಗರು ಆರಿಸಿದ ಬಗೆಯೊಂದು ಲೋಕದಲ್ಲುಂಟು. ನಮ್ಮಲ್ಲಿ ಆ ಆಯ್ಕೆ ಅರ್ಧವಷ್ಟೇ ನಡೆಯಿತು.

ಉಂಡ ಅನ್ನದ ಋಣಕ್ಕೆ ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತುಂಟು. ಒಡೆಯನಿಕ್ಕಿದ ಜೋಳಕ್ಕಾಗಿ ವೀರನು ಪ್ರಾಣವನ್ನೇ ತೆರುವ ಕಟ್ಟು ಅದು. ಇಂಥ ಕಾಳನ್ನು ಬಿಜಾಪುರ, ಕಲಬುರ್ಗಿ, ಸೊಲ್ಲಾಪುರಗಳ ಎರೆಹೊಲದವರು ಅಳೆದದ್ದು ರೊಟ್ಟಿಯಿಂದಲೇ. ಕಾಳು ದಪ್ಪಗೆ, ದುಂಡಗೆ, ಮುತ್ತಿನಂತೆ ಬೆಳ್ಳಗಿರಬೇಕು. ಹಿಟ್ಟಿಗೆ ಜಿಗಿ ಇರಬೇಕು. ತಟ್ಟುವಾಗ ಅಂಚು ಬಿರಿಯಬಾರದು. ಕಣಿಕೆಯನ್ನು ದನ ಬಿಡದೆ ಮೇಯಬೇಕು. ಈ ಪರೀಕ್ಷೆಯಲ್ಲಿ ಗೆದ್ದು ನಿಂತದ್ದು ಹಿಂಗಾರಿಯ ಮಾಲದಂಡಿ. ರೈತರ ಆ ಮಾಲದಂಡಿಯಿಂದಲೇ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ತಳಿ ಎಂ 35-1. ಬಿತ್ತುವುದು ಮಳೆಗಾಲದ ಕೊನೆಗೆ, ಕಾಳು ಕಟ್ಟುವುದು ಒಣ ಹವೆಯಲ್ಲಿ. ಆದುದರಿಂದಲೇ ಅದಕ್ಕೆ ಅಷ್ಟು ಬಿಳುಪು.

ಭಟ್ಟಿಯವನ ಪರೀಕ್ಷೆ ಬೇರೆ. ಚೀನದ ಗ್ವೀಝೌ ಪ್ರಾಂತದಲ್ಲಿ ಮಾವುತಾಯ್ ಎಂಬ ಹೆಸರಾಂತ ಮದ್ಯಕ್ಕಾಗಿ ಬೆಳೆಯುವ ಜೋಳ ಸಣ್ಣ ಕಾಳಿನದು, ಕೆಂಪು, ದಪ್ಪ ಸಿಪ್ಪೆಯದು, ಅಂಟು ಪಿಷ್ಟದ್ದು. ಅಲ್ಲಿ ಒಂದೇ ಕಾಳನ್ನು ಒಂಬತ್ತು ಸಲ ಹಬೆಗೆ ಹಾಕುತ್ತಾರೆ. ಬೇರೆ ಕಾಳಾದರೆ ನಡುವೆಯೇ ಕರಗಿ ಗಂಜಿಯಾದೀತು. ಸಿಪ್ಪೆಯ ಒಗರೂ ಅವರಿಗೆ ಬೇಕು, ಮದ್ಯದ ಕಂಪಿಗೆ ಅದು ಒದಗುತ್ತದೆ. ನಮ್ಮ ಅಜ್ಜಿಯರ ಮೊರಕ್ಕೆ ಅದು ಬಿದ್ದಿದ್ದರೆ ನೇರವಾಗಿ ಕೋಳಿಗಳ ಪಾಲಾಗುತ್ತಿತ್ತು! ಜೋಳದ ತವರಾದ ಆಫ್ರಿಕದಲ್ಲಿಯೂ ಇದೇ ವಿವೇಕ: ಬಿಳಿಯದು ಊಟಕ್ಕೆ, ಹಕ್ಕಿಗಳೂ ಮುಟ್ಟಲು ಹಿಂಜರಿಯುವ ಒಗರು ಕೆಂಪು ಜೋಳ ಬೀರಿಗೆ. ಒಬ್ಬನೇ ರೈತ ಎರಡನ್ನೂ ಬಿತ್ತುತ್ತಾನೆ, ಎರಡರ ಬೀಜವನ್ನೂ ಬೇರೆಬೇರೆ ಕಾಯುತ್ತಾನೆ.

ನಮ್ಮ ಕಡೆ ಹಾಗಾಗಲಿಲ್ಲ. ಮುಂಬಯಿಯ 1949ರ ಪಾನನಿರೋಧ ಕಾಯಿದೆ ಬಂದಾಗ ಬಿಜಾಪುರ, ಧಾರವಾಡ, ಬೆಳಗಾವಿ, ಕಾರವಾರಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದವು. 1956ರ ನವೆಂಬರ್ 1ರವರೆಗೆ ವಿಕ್ರೋಳಿಗೂ ಬಿಜಾಪುರಕ್ಕೂ ಕಾಯಿದೆ ಒಂದೇ. ಕದ್ದು ಭಟ್ಟಿ ಹೂಡಿದವರೂ ಹೆಚ್ಚಾಗಿ ಕೊಳೆಯಿಟ್ಟದ್ದು ಕಪ್ಪು ಬೆಲ್ಲವನ್ನು. ಜೋಳ ತಟ್ಟೆಯಲ್ಲಿಯೇ ಉಳಿಯಿತು.

ಅದನ್ನು ಭಟ್ಟಿಯ ಬಾಗಿಲಿಗೆ ತಂದದ್ದು ಮಳೆ, ಮತ್ತು ಹೊಸ ತಳಿ. ಮುಂಗಾರಿಯ ಹಳೆಯ ಜೋಳಗಳು ಎತ್ತರದವು, ನಿಧಾನದವು. ಮಳೆ ಹಿಂದೆಗೆದ ಮೇಲೆಯೇ ತೆನೆ ತುಂಬುತ್ತಿದ್ದವು. 1964ರಲ್ಲಿ ಬಂದ ಮೊದಲ ಸಂಕರ ತಳಿ ಸಿ.ಎಸ್.ಎಚ್-1 ಮತ್ತು ಅದರ ಹಿಂದೆ ಬಂದವು ಗಿಡ್ಡ, ಬೇಗ ಮಾಗುವವು, ಇಳುವರಿ ಹೇರಳ. ಆದರೆ ಅವು ಮಾಗುವ ಸೆಪ್ಟೆಂಬರಿನಲ್ಲಿ ಮಳೆ ಇನ್ನೂ ಹೊಲದಲ್ಲಿಯೇ! ತೆನೆಗೆ ಬೂಷ್ಟು ಹತ್ತಿ ಕಾಳು ಕಪ್ಪಾಗುತ್ತದೆ. ರೊಟ್ಟಿಗಾಗದ ಆ ಕಾಳು ಕೋಳಿಗೆ, ದನಕ್ಕೆ, ಕಡೆಗೆ ಭಟ್ಟಿಗೆ ಹೋಯಿತು. ಭಟ್ಟಿಗೆಂದು ಯಾರೂ ಆರಿಸಿದ ತಳಿಯಲ್ಲ ಅದು, ಮಳೆ ಕೆಡಿಸಿದ್ದು.

2007ರಲ್ಲಿ ಮಹಾರಾಷ್ಟ್ರ ಸರಕಾರ ಧಾನ್ಯದಿಂದ ಮದ್ಯಸಾರ ತೆಗೆಯುವ ಕಾರಖಾನೆಗಳಿಗೆ ಸಹಾಯಧನ ಸಾರಿದಾಗ ಮುಂದಿಟ್ಟದ್ದು ಈ ಕಪ್ಪು ಜೋಳವನ್ನೇ: ರೈತನಿಗೆ ಬೆಲೆ ಸಿಗಲಿ ಎಂದು. ವಾದದಲ್ಲಿ ಹುರುಳಿಲ್ಲವೆನ್ನಲಾರೆವು, ವರ್ಷದ ದುಡಿಮೆ ಸಂತೆಯಲ್ಲಿ ಕೇಳುವವರಿಲ್ಲದೆ ಬಿದ್ದಿರುವುದನ್ನು ಕಂಡವರಿಗೆ ಆ ನೋವು ಗೊತ್ತು. ಆದರೆ ಬಲವಾದ ವಿರೋಧವೂ ಎದ್ದಿತು, ನಮ್ಮ ಒಲವು ಆ ಕಡೆಗೇ. ಒಂದು ಟನ್ನು ಜೋಳದಿಂದ ಹೆಚ್ಚುಕಡಿಮೆ 380 ಲೀಟರು ಮದ್ಯಸಾರ ಇಳಿಯುತ್ತದೆ. ಅಷ್ಟು ಹಸಿವಿನ ಯಂತ್ರವು ವರ್ಷವಿಡೀ ನಡೆಯಬೇಕಾದರೆ ಮಳೆ ಕೆಡಿಸಿದ ಕಾಳನ್ನೇ ನೆಚ್ಚಿ ಕೂಡುವುದೆ? ಮಳೆ ಸರಿಯಾಗಿ ಬಂದ ವರ್ಷ ಅದು ಕೈಹಾಕುವುದು ಬಿಳಿಯ ಕಾಳಿಗಲ್ಲವೆ? ಚೀನದವನಂತೆ ಭಟ್ಟಿಯ ತಳಿಗೆ ಬೇರೆ ಹೊಲ ಗೊತ್ತುಮಾಡಿದ್ದರೆ ಲೆಕ್ಕವಾದರೂ ಕಣ್ಣಿಗೆ ಕಾಣುತ್ತಿತ್ತು.

ಈಚೆಗೆ ಕಾರಖಾನೆಗಳ ಒಲವು ಮೆಕ್ಕೆಜೋಳಕ್ಕೂ ನುಚ್ಚಕ್ಕಿಗೂ ತಿರುಗಿದೆ. ಜೋಳದ ಹೊಲ ಮಾತ್ರ ಕುಗ್ಗುತ್ತಲೇ ಬಂದಿದೆ. 1960ರ ದಶಕದಲ್ಲಿ ದೇಶದಲ್ಲಿ ಸುಮಾರು 180 ಲಕ್ಷ ಹೆಕ್ಟೇರು ಇದ್ದದ್ದು ಈಗ 40 ಲಕ್ಷದ ಆಸುಪಾಸಿಗೆ ಇಳಿದಿದೆ. ಉಳಿದಿರುವ ಹಿಂಗಾರಿ ಹೊಲಗಳಲ್ಲಿ ಎಂ 35-1 ಇಂದಿಗೂ ಇದೆ. ಹೊಸ ಹಿಂಗಾರಿ ತಳಿ ತೆಗೆಯುವ ವಿಜ್ಞಾನಿಗಳೂ ಅದನ್ನು ಪಕ್ಕಕ್ಕಿಟ್ಟುಕೊಂಡೇ ಇಳುವರಿ ತೂಗುತ್ತಾರೆ. ತೂಗಿದ ಮೇಲೆ ಹಿಟ್ಟು ಬೀಸಿ, ರೊಟ್ಟಿ ತಟ್ಟಿಸಿ, ತಿಂದು ನೋಡುತ್ತಾರೆ.